ಯಾರ ನಿದ್ದೆಗೆ ಯಾರಿಗೆ ಮದ್ದು?

ಕೂಸು ರಾತ್ರಿ ಮಲಗದಿದ್ದರೆ ಏನು ಮಾಡಬೇಕೆಂಬುದು ಧರ್ಮಸೂಕ್ಷ್ಮದ ಪ್ರಶ್ನೆಯೆಂದು ಸಾಮಾನ್ಯವಾಗಿ ಯಾರೂ ಭಾವಿಸುವುದಿಲ್ಲ. ಅದು ಹೆಂಗಸರ ಪಾಲಿನ ಕೆಲಸ, ಹೆಚ್ಚೆಂದರೆ ವೈದ್ಯರ ಪಾಲಿನ ವಿಚಾರ ಎಂದುಕೊಂಡು ಗಂಡಸರು ಮಗ್ಗುಲು ಬದಲಿಸುತ್ತಾರೆ. ಧರ್ಮಾಧರ್ಮಗಳ ವಿವೇಚನೆಗೆ ನಮಗೆ ಕುರುಕ್ಷೇತ್ರವೇ ಆಗಬೇಕು, ಇಲ್ಲವೆ ಹರಿಶ್ಚಂದ್ರನ ಸ್ಮಶಾನವೇ ಆಗಬೇಕು. ಆದರೆ ನಡುರಾತ್ರಿ ಎರಡು ಗಂಟೆಯ ಹೊತ್ತಿನಲ್ಲಿ, ಅಳುವ ಕೂಸನ್ನು ಹೆಗಲ ಮೇಲೆ ಹಾಕಿಕೊಂಡು, ಇನ್ನೊಂದು ಕೈಯಲ್ಲಿ ಸಿರಪ್ಪಿನ ಸೀಸೆಯನ್ನು ಹಿಡಿದು, ಕುಡಿಸಲೋ ಬೇಡವೋ ಎಂದು ನಿಂತ ತಾಯಿಯ ಮುಂದಿರುವ ಪ್ರಶ್ನೆ ಅವೆರಡಕ್ಕಿಂತ ಸುಲಭವಾದುದೆಂದು ನನಗೆ ತೋರುವುದಿಲ್ಲ. ಅಲ್ಲಿ ಸಾರಥಿಯೂ ಇಲ್ಲ, ಹದಿನೆಂಟು ಅಧ್ಯಾಯಗಳಿಗೆ ಹೊತ್ತೂ ಇಲ್ಲ.

ನಮ್ಮೂರು ಗುಡೇಕೋಟೆ. ಮೊದಲು ಬಳ್ಳಾರಿ ಜಿಲ್ಲೆಯಲ್ಲಿದ್ದು 2021ರಿಂದ ವಿಜಯನಗರ ಜಿಲ್ಲೆಗೆ ಸೇರಿದ ಕೂಡ್ಲಿಗಿ ತಾಲ್ಲೂಕಿನ ಈ ಊರನ್ನು ಪಾಳೆಯಗಾರರ ಕೋಟೆಗಾಗಿ ಕೆಲವರು ಬಲ್ಲರು, ಕರಡಿಧಾಮಕ್ಕಾಗಿ ಕೆಲವರು ಬಲ್ಲರು. ಬಂಡೆಗುಡ್ಡಗಳ ನಡುವೆ ಶೇಂಗಾ, ಜೋಳ, ಸಜ್ಜೆಗಳನ್ನು ಬೆಳೆಯುವ ಮಳೆ ನಂಬಿದ ನೆಲ. ಬೇರೆ ಕಡೆ ಮಲಗದ ಮಕ್ಕಳನ್ನು ಗುಮ್ಮನ ಹೆಸರಿನಿಂದ ಹೆದರಿಸುತ್ತಾರೆ. ಗುಮ್ಮನನ್ನು ಕಂಡವರು ಯಾರೂ ಇಲ್ಲ. ನಮ್ಮಲ್ಲಿ 'ಮಲಕ್ಕೋ, ಕರಡಿ ಬರತೈತಿ' ಎಂದರೆ ಅದು ಕವಿಸಮಯವಲ್ಲ, ಹೊಲದಂಚಿನ ವರ್ತಮಾನ. ಹಾಗಿದ್ದೂ ಮಲಗದ ಮಕ್ಕಳು ಎಲ್ಲ ಕಾಲದಲ್ಲಿಯೂ ಇದ್ದರು. ಅಂಥವರಿಗೆ ಹಿಂದಿನವರು ತೊಟ್ಟಿಲು ತೂಗಿದರು, ಜೋಗುಳ ಹಾಡಿದರು, ಅವೆರಡೂ ಸಾಲದಾದಾಗ ಸಾಣೆಕಲ್ಲಿನ ಮೇಲೆ ಬಜೆ, ಜಾಯಿಕಾಯಿ, ಅಳಲೆಕಾಯಿ ತೇದು ನೆಕ್ಕಿಸಿದರು. ಜಾಯಿಕಾಯಿಯನ್ನು ಎಷ್ಟು ಸುತ್ತು ತೇಯಬೇಕೆಂಬ ಲೆಕ್ಕ ಅಜ್ಜಿಯ ಕೈಯಲ್ಲಿತ್ತು. ಅದು ಮಿತಿಮೀರಿದರೆ ವಿಷವೆಂಬುದು ಆಕೆಗೆ ಗೊತ್ತಿತ್ತು. ಗೊತ್ತಿಲ್ಲದ ಅಜ್ಜಿಯರೂ ಇದ್ದಿರಬೇಕು. ಹಿಂದಿನದೆಲ್ಲವೂ ಅಮೃತವೆಂದು ವಾದಿಸಲು ನಾನು ಹೊರಟಿಲ್ಲ.

ಈಗ ಸಾಣೆಕಲ್ಲಿನ ಜಾಗಕ್ಕೆ ಔಷಧಿ ಅಂಗಡಿ ಬಂದಿದೆ. ಕಳೆದ ಬೇಸಿಗೆಯಲ್ಲಿ ನಮ್ಮ ಕಡೆಯ ಒಂದು ಅಂಗಡಿಯ ಮುಂದೆ ತಲೆನೋವಿನ ಮಾತ್ರೆಗೆಂದು ನಾನು ನಿಂತಿದ್ದಾಗ ಇಪ್ಪತ್ತೈದರ ಆಸುಪಾಸಿನ ಹೆಣ್ಣುಮಗಳೊಬ್ಬಳು ಕೂಸನ್ನು ಸೊಂಟದ ಮೇಲೆ ಕೂರಿಸಿಕೊಂಡು ಬಂದಳು.

"ಅಣ್ಣಾ, ಹೋದ ಸಲ ನೆಗಡಿ ಔಷಧ ಕೊಟ್ಟಿದ್ರಲ್ಲ, ಅದನ್ನೇ ಕೊಡ್ರಿ."

"ಮತ್ತೆ ನೆಗಡಿ ಬಂತೇನವ್ವಾ ಕೂಸಿಗೆ?"

"ನೆಗಡಿ ಏನಿಲ್ಲಣ್ಣ. ಅದನ್ನ ಹಾಕಿದರೆ ಚಲೋ ಮಲಗತಾನೆ. ನಾನು ನಸುಕಿನಾಗ ನಾಲ್ಕಕ್ಕೆ ಏಳಬೇಕು."

ಅಂಗಡಿಯವನು ಕೊಟ್ಟ. ಆಕೆ ದುಡ್ಡು ಎಣಿಸಿಕೊಟ್ಟು ಹೋದಳು. ಅಷ್ಟು ಹೊತ್ತೂ ಆ ಕೂಸು ನನ್ನ ಕನ್ನಡಕವನ್ನು ನೋಡಿ ನಗುತ್ತಿತ್ತು. ಅದಕ್ಕೆ ಯಾವ ಬೇನೆಯೂ ಇದ್ದಂತೆ ಕಾಣಲಿಲ್ಲ. ಬೇನೆ ಇದ್ದುದು ಆಕೆಗೆ. ಅದರ ಹೆಸರು ದಣಿವು. ಅದನ್ನು ಆಕೆ ಮುಚ್ಚಿಡಲಿಲ್ಲ, ಒಂದೇ ವಾಕ್ಯದಲ್ಲಿ ಹೇಳಿಬಿಟ್ಟಳು. ವಿದ್ಯಾವಂತರಾದ ನಾವು ಇದೇ ಮಾತನ್ನು ಹೇಳಬೇಕಾದರೆ 'ಮಗುವಿಗೆ ಸ್ಲೀಪ್ ಪ್ರಾಬ್ಲಂ ಇದೆ' ಎನ್ನುತ್ತೇವೆ.

ನಮ್ಮನ್ನು ಕೆಣಕಬೇಕಾದ ಸಂಗತಿ ಇಲ್ಲಿದೆ. ದೊಡ್ಡವರ ನಿದ್ರಾಹೀನತೆಯಲ್ಲಿ ನರಳುವವನೂ ಮದ್ದು ಕೇಳುವವನೂ ನುಂಗುವವನೂ ಒಬ್ಬನೇ. ಒಳಿತು ಕೆಡುಕುಗಳೆರಡೂ ಅವನವೇ. ಎರಡು ವರ್ಷದ ಕೂಸು ತನಗೆ ನಿದ್ದೆ ಬರುತ್ತಿಲ್ಲವೆಂದು ಯಾರ ಹತ್ತಿರವೂ ದೂರುವುದಿಲ್ಲ. ಹನ್ನೊಂದು ಗಂಟೆಯ ರಾತ್ರಿಯಲ್ಲಿ ಪಾತ್ರೆ ಬಡಿಯುತ್ತ ಕುಳಿತ ಅದರಷ್ಟು ಸುಖಿಗಳು ಆ ಮನೆಯಲ್ಲಿ ಬೇರೆ ಯಾರೂ ಇರುವುದಿಲ್ಲ. ಅಲ್ಲಿ ನರಳುವವರು ಒಬ್ಬರು, ಮದ್ದು ನುಂಗುವವರು ಇನ್ನೊಬ್ಬರು. ಅಪ್ಪನ ಹಸಿವಿಗೆ ಮಗ ಉಂಡರೆ ಹಸಿವು ಹಿಂಗುವುದಿಲ್ಲ. ತಾಯಿಯ ದಣಿವಿಗೆ ಕೂಸು ಮದ್ದು ಕುಡಿದರೆ ದಣಿವು ಆ ರಾತ್ರಿಯ ಮಟ್ಟಿಗೆ ನಿಜವಾಗಿಯೂ ಹಿಂಗುತ್ತದೆ. ಈ ವ್ಯವಹಾರದ ಆಕರ್ಷಣೆಯೂ ಅಪಾಯವೂ ಇದೇ ಆಗಿದೆ.

ಇದು ಇಂದಿನ ಪಾಪವೇನೂ ಅಲ್ಲ. ಅಫೀಮಿನ ವಿಚಾರವಾಗಿ ಬ್ರಿಟಿಷ್ ಸರ್ಕಾರ 1893ರಲ್ಲಿ ನೇಮಿಸಿದ ರಾಯಲ್ ಆಯೋಗದ ಮುಂದೆ ಬಂದ ಸಾಕ್ಷ್ಯಗಳಲ್ಲಿ, ಈ ದೇಶದ ತಾಯಂದಿರು ಹಸುಗೂಸುಗಳಿಗೆ ಅಫೀಮು ಕೊಡುವ ರೂಢಿಯ ಮಾತು ಮತ್ತೆ ಮತ್ತೆ ಬರುತ್ತದೆ. ಮುಂಬಯಿಯ ಬಟ್ಟೆ ಗಿರಣಿಗಳಿಗೆ ದುಡಿಯಹೋಗುತ್ತಿದ್ದ ಹೆಂಗಸರು ಕೂಸುಗಳಿಗೆ 'ಬಾಲಗೋಳಿ' ಎಂಬ ಅಫೀಮಿನ ಗುಳಿಗೆ ನುಂಗಿಸಿ ಹೋಗುತ್ತಿದ್ದರು. ಗುಳಿಗೆಯ ಹೆಸರನ್ನು ನೋಡಿರಿ: ಬಾಲ, ಗೋಳಿ, ಆಟಿಕೆಯ ಹೆಸರಿನಂತೆ ಕೇಳಿಸುತ್ತದೆ. ಇಂಗ್ಲೆಂಡಿನ ಗಿರಣಿ ಊರುಗಳಲ್ಲಿ ಇದೇ ಕೆಲಸಕ್ಕೆ ಅಫೀಮು ಬೆರೆಸಿದ ಗಾಡ್‌ಫ್ರೀಯ ಕಾರ್ಡಿಯಲ್ ಎಂಬ ಪಾನಕವಿತ್ತು. ಅಮೆರಿಕದಲ್ಲಿ 1849ರಿಂದ ಮಾರಾಟಕ್ಕೆ ಬಂದ ಮಿಸೆಸ್ ವಿನ್ಸ್‌ಲೋ ಎಂಬಾಕೆಯ ಹೆಸರಿನ ಸಿರಪ್ಪಿನಲ್ಲಿ ಇದ್ದುದು ಮಾರ್ಫಿನ್. ಅದರ ಜಾಹೀರಾತುಗಳಲ್ಲಿ ತಾಯಿ ಮಕ್ಕಳ ಚಿತ್ರಗಳು ಎಷ್ಟು ಮುದ್ದಾಗಿದ್ದುವೆಂದರೆ ಅವನ್ನು ಇಂದಿಗೂ ಜನ ಸಂಗ್ರಹಿಸುತ್ತಾರೆ. ಸೀಸೆಯೊಳಗೆ ಏನಿದೆಯೆಂದು ಚೀಟಿಯ ಮೇಲೆ ಬರೆಯಬೇಕೆಂಬ ಕಾಯಿದೆ ಅಲ್ಲಿ ಬಂದುದು 1906ರಲ್ಲಿ. ಅಲ್ಲಿಯವರೆಗೆ ಎಷ್ಟು ಕೂಸುಗಳು ಮಲಗಿದುವು, ಎಷ್ಟು ಮತ್ತೆ ಏಳಲಿಲ್ಲ ಎಂಬುದರ ಲೆಕ್ಕ ಇಟ್ಟವರಿಲ್ಲ.

ಅದಾದ ಮೇಲೆ ಲೋಕ ಪಾಠ ಕಲಿತಿತೆನ್ನೋಣವೆ? ಪಶ್ಚಿಮ ಜರ್ಮನಿಯಲ್ಲಿ 1957ರಲ್ಲಿ ಕಾಂಟೆರ್ಗಾನ್ ಎಂಬ ನಿದ್ದೆಯ ಮದ್ದು ಅಂಗಡಿಗೆ ಬಂದಿತು. ನಿರಪಾಯಕರ ಎಂಬುದೇ ಅದರ ದೊಡ್ಡ ಬಿರುದಾಗಿತ್ತು. ಅದನ್ನು ಮಕ್ಕಳಿಗೆ ಸಿಹಿ ಪಾನಕದ ರೂಪದಲ್ಲಿಯೂ ಮಾಡಿದ್ದರು. ತಂದೆ ತಾಯಿಗಳು ಅದನ್ನು ಕೂಸಿಗೆ ಕುಡಿಸಿ ಸಿನಿಮಾಕ್ಕೆ ಹೋಗುತ್ತಿದ್ದುದರಿಂದ ಜನ ಅದಕ್ಕೆ 'ಸಿನಿಮಾ ರಸ' ಎಂದೇ ಹೆಸರಿಟ್ಟಿದ್ದರು. ಅದರ ಶಾಸ್ತ್ರೀಯ ನಾಮ ಥಾಲಿಡೋಮೈಡ್. ಬಸುರಿಯರು ಅದನ್ನು ತೆಗೆದುಕೊಂಡುದರಿಂದ ಕೈಕಾಲುಗಳು ಬೆಳೆಯದ ಸಾವಿರಾರು ಮಕ್ಕಳು ಹುಟ್ಟಿದ ಮೇಲೆ, 1961ರ ನವೆಂಬರಿನಲ್ಲಿ, ಅದನ್ನು ಹಿಂತೆಗೆದುಕೊಂಡರು. ಆ ದುರಂತವನ್ನು ಎಲ್ಲರೂ ಬಲ್ಲರು. ಸಿನಿಮಾ ರಸವನ್ನು ಮಾತ್ರ ಮರೆತಿದ್ದಾರೆ. ಗಿರಣಿಯ ತಾಯಿ ಕೊಟ್ಟ ಅಫೀಮಿಗೂ ಸಿನಿಮಾಕ್ಕೆ ಹೊರಟವರು ಕೊಟ್ಟ ಪಾನಕಕ್ಕೂ ನೀತಿಯ ತಕ್ಕಡಿಯಲ್ಲಿ ತೂಕ ಒಂದೇ ಅಲ್ಲ. ಮೊದಲನೆಯವಳಿಗೆ ಬೇರೆ ದಾರಿ ಇರಲಿಲ್ಲ. ಆದರೆ ಕೂಸಿನ ಹೊಟ್ಟೆಗೆ ಈ ಭೇದ ತಿಳಿಯದು.

ಇನ್ನು ಇಂದಿನ ಸೀಸೆಗಳ ವಿಚಾರ. ನಮ್ಮಲ್ಲಿ ಮಕ್ಕಳನ್ನು ಮಲಗಿಸಲು ಹೆಚ್ಚಾಗಿ ಬಳಕೆಯಾಗುವುದು ನಿದ್ದೆಯ ಔಷಧವೇ ಅಲ್ಲ. ನೆಗಡಿಗೋ ಅಲರ್ಜಿಗೋ ಕೊಡುವ ಆಂಟಿಹಿಸ್ಟಮಿನ್ ಜಾತಿಯ ಸಿರಪ್ಪುಗಳು. ಮಂಪರು ಅವುಗಳ ಗುಣವಲ್ಲ, ಅಡ್ಡಗುಣ. ನಾವು ಆ ಅಡ್ಡಗುಣವನ್ನೇ ಕೊಂಡುಕೊಳ್ಳುತ್ತೇವೆ. ಅವುಗಳಲ್ಲೊಂದಾದ ಪ್ರೊಮೆಥಜೀನ್ ಎರಡು ವರ್ಷದೊಳಗಿನ ಮಕ್ಕಳ ಉಸಿರಾಟವನ್ನೇ ಕುಗ್ಗಿಸಿ ಕೊಲ್ಲಬಲ್ಲದೆಂದು ಕಂಡುಬಂದುದರಿಂದ, ಆ ವಯಸ್ಸಿನವರಿಗೆ ಕೊಡಲೇ ಕೂಡದೆಂದು ಅಮೆರಿಕದ ಔಷಧ ನಿಯಂತ್ರಕರು 2004ರಲ್ಲಿ ಚೌಕಟ್ಟು ಹಾಕಿದ ಎಚ್ಚರಿಕೆಯನ್ನು ಅಚ್ಚು ಹಾಕಿಸಿದರು. ನೆಗಡಿಯ ಸಿರಪ್ಪುಗಳಲ್ಲಿ ಬಹಳ ಬಳಕೆಯಲ್ಲಿರುವ ಕ್ಲೋರ್‌ಫೆನಿರಮಿನ್–ಫಿನೈಲೆಫ್ರಿನ್ ಮಿಶ್ರಣವನ್ನು ನಾಲ್ಕು ವರ್ಷದೊಳಗಿನವರಿಗೆ ಬಳಸಕೂಡದೆಂದು ಚೀಟಿಯಲ್ಲಿ ಬರೆಯಬೇಕೆಂಬ ಆಜ್ಞೆ ನಮ್ಮ ದೇಶದಲ್ಲಿಯೇ 2023ರ ಡಿಸೆಂಬರಿನಲ್ಲಿ ಹೊರಟಿತು. ಮಧ್ಯಪ್ರದೇಶದ ಛಿಂದ್ವಾಡಾದಲ್ಲಿ ಕೆಮ್ಮಿನ ಸಿರಪ್ಪಿಗೆ ಮಕ್ಕಳು ಬಲಿಯಾದ 2025ರ ಅಕ್ಟೋಬರಿನಲ್ಲಿ, ಎರಡು ವರ್ಷದೊಳಗಿನವರಿಗೆ ಕೆಮ್ಮು ನೆಗಡಿಯ ಔಷಧಗಳನ್ನು ಬರೆಯಲೇಬಾರದು, ಐದರೊಳಗಿನವರಿಗೂ ಸಾಮಾನ್ಯವಾಗಿ ಬೇಡ ಎಂದು ಕೇಂದ್ರದ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯ ತಿಳಿಸಿತು. ಅಲ್ಲಿ ಮಕ್ಕಳನ್ನು ಕೊಂದುದು ಸಿರಪ್ಪಿನಲ್ಲಿ ಬೆರೆತಿದ್ದ ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷ. ಅದು ಬೇರೆಯ ಅಪರಾಧ, ನಿಜ. ಆದರೆ ಅಗತ್ಯವಿಲ್ಲದ ಒಂದೊಂದು ಚಮಚವೂ ಅಂಥ ಅಪಾಯಕ್ಕೆ ಬಾಗಿಲು ತೆರೆಯುತ್ತದಲ್ಲವೆ?

ಆಜ್ಞೆ ದೆಹಲಿಯಲ್ಲಿ ಹೊರಡುತ್ತದೆ. ಚೀಟಿಯ ಅಕ್ಷರ ಇಂಗ್ಲಿಷಿನಲ್ಲಿ, ಸಾಸಿವೆಗಿಂತ ಸಣ್ಣದಾಗಿ ಇರುತ್ತದೆ. ನಾಲ್ಕಕ್ಕೆ ಏಳುವ ತಾಯಿ ಅದನ್ನು ಯಾವಾಗ ಓದಬೇಕು?

ವಿದೇಶದಲ್ಲಿರುವ ನಮ್ಮವರು ಇನ್ನೊಂದು ಹೆಜ್ಜೆ ಮುಂದೆ ಹೋಗಿದ್ದಾರೆ. ರಜೆಗೆ ಬಂದಾಗ ಅವರ ಪೆಟ್ಟಿಗೆಯಲ್ಲಿ ಚಾಕೊಲೇಟಿನ ಜೊತೆಗೆ ಮೆಲಟೋನಿನ್ ಗಮ್ಮಿಗಳೂ ಬರುತ್ತವೆ. ಬಣ್ಣದ, ಜಗಿಯುವ, ಹಣ್ಣಿನ ರುಚಿಯ ಮಿಠಾಯಿ. ಮೆಲಟೋನಿನ್ ಎಂಬುದು ಕತ್ತಲಾದಾಗ ನಮ್ಮ ಮಿದುಳೇ ಸ್ರವಿಸುವ ವಸ್ತು. ಯೇಲ್ ವಿಶ್ವವಿದ್ಯಾಲಯದ ಆರನ್ ಲರ್ನರ್ 1958ರಲ್ಲಿ ಅದನ್ನು ಬೇರ್ಪಡಿಸಿದರು. ದೇಹದಲ್ಲಿ ಇರುವುದೇ ಆದ್ದರಿಂದ ಅಪಾಯವಿಲ್ಲವೆಂದು ಜನರ ನಂಬಿಕೆ. ಬ್ರಿಟನ್ನಿನಲ್ಲಿ ಅದಕ್ಕೆ ವೈದ್ಯರ ಚೀಟಿ ಬೇಕು. ಅಮೆರಿಕದಲ್ಲಿ ಅದು ಆಹಾರದ ಸಾಲಿಗೆ ಸೇರಿದ್ದು, ದಿನಸಿಯ ಜೊತೆ ಸಿಗುತ್ತದೆ. ಅಲ್ಲಿಯ ವಿಷ ಮಾಹಿತಿ ಕೇಂದ್ರಗಳಿಗೆ, ಮಕ್ಕಳು ಮೆಲಟೋನಿನ್ ನುಂಗಿದರೆಂದು 2012ರಲ್ಲಿ 8,337 ಕರೆಗಳು ಬಂದಿದ್ದರೆ, 2021ರಲ್ಲಿ 52,563 ಬಂದವು. ಇಪ್ಪತ್ತೈದು ಬಗೆಯ ಗಮ್ಮಿಗಳನ್ನು ಪರೀಕ್ಷಿಸಿ 2023ರಲ್ಲಿ ಪ್ರಕಟಿಸಿದ ವರದಿಯಲ್ಲಿ 22ರ ಚೀಟಿ ಸುಳ್ಳು. ಒಂದರಲ್ಲಂತೂ ಮೆಲಟೋನಿನ್ ಲವಲೇಶವೂ ಇರಲಿಲ್ಲ. ಅದನ್ನು ತಿಂದ ಮಕ್ಕಳೂ ಮಲಗಿರಬೇಕು. ಮಿಠಾಯಿ ಕೊಟ್ಟು ದೀಪ ಆರಿಸಿ ಪಕ್ಕದಲ್ಲಿ ಕುಳಿತರೆ ಯಾವ ಮಗು ಮಲಗುವುದಿಲ್ಲ?

ನಾನು ಕನ್ನಡದ ಅಧ್ಯಾಪಕ. ವ್ಯಾಕರಣದ ಒಂದು ಮಾತಿಗೆ ಓದುಗರು ಅವಕಾಶ ಕೊಡಬೇಕು. ಕನ್ನಡದಲ್ಲಿ ನಾನು ನಿದ್ದೆಯನ್ನು ತರುವುದಿಲ್ಲ, ನನಗೆ ನಿದ್ದೆ ಬರುತ್ತದೆ. ವಾಕ್ಯದಲ್ಲಿ ಕರ್ತೃಪದ ನಿದ್ದೆ. ನಾನು ಚತುರ್ಥಿಯಲ್ಲಿ, ಅತಿಥಿಗೆ ಕಾದ ಮನೆಯವನಂತೆ, ನಿಂತಿರುತ್ತೇನೆ. ಮಲಗು ಎಂಬುದು ನನ್ನ ಕೈಲಾಗುವ ಕೆಲಸ. ಆದ್ದರಿಂದ ಕೂಸನ್ನು 'ಮಲಗಿಸು' ಎಂಬ ಪ್ರೇರಣಾರ್ಥಕಕ್ಕೆ ಅಡ್ಡಿಯಿಲ್ಲ. ನಿದ್ದೆಯನ್ನು 'ಬರಿಸು' ಎನ್ನುವಾಗ ಮಾತ್ರ ನಾಲಿಗೆ ಸ್ವಲ್ಪ ಅನುಮಾನಿಸುತ್ತದೆ. ಮದ್ದಿನಿಂದ ಬರುವುದಕ್ಕೆ ನಮ್ಮ ಹಳ್ಳಿಯವರು ನಿದ್ದೆ ಎನ್ನುವುದಿಲ್ಲ, ಮತ್ತು ಎನ್ನುತ್ತಾರೆ. ನಿದ್ದೆಗೂ ಮತ್ತಿಗೂ ಇರುವ ಈ ಭೇದವನ್ನು ವೈದ್ಯಶಾಸ್ತ್ರವೂ ಅಲ್ಲಗಳೆಯುವುದಿಲ್ಲ. ಮಂಪರಿನ ಸಿರಪ್ಪು ಕೆಲವು ಮಕ್ಕಳಲ್ಲಿ ತಿರುಗುಬಾಣವಾಗಿ, ಅವು ಇನ್ನಷ್ಟು ಕೆರಳಿ ರಾತ್ರಿಯೆಲ್ಲ ಕುಣಿಯುವುದೂ ಉಂಟು. ಮಕ್ಕಳ ಸಾಮಾನ್ಯ ನಿದ್ರಾಹೀನತೆಗೆಂದು ಅಮೆರಿಕದ ನಿಯಂತ್ರಕರು ಇಂದಿನವರೆಗೆ ಒಂದು ಔಷಧಕ್ಕೂ ಒಪ್ಪಿಗೆ ಕೊಟ್ಟಿಲ್ಲ.

ಹಾಗಾದರೆ ಕೂಸು ಮಲಗದಿರುವುದು ಏತಕ್ಕೆ? ಬಹುಮಟ್ಟಿಗೆ ಅದು ಕೂಸಾಗಿರುವುದಕ್ಕೆ. ಒಂದರಿಂದ ಎರಡು ವರ್ಷದ ಮಗುವಿಗೆ ಹಗಲಿನ ಜೊಂಪೂ ಸೇರಿ ದಿನಕ್ಕೆ 11ರಿಂದ 14 ಗಂಟೆ ನಿದ್ದೆ ಬೇಕು, ಮೂರರಿಂದ ಐದರವರೆಗೆ 10ರಿಂದ 13. ಮಧ್ಯಾಹ್ನ ಮನೆಗೆಲಸ ಸಾಗಲೆಂದು ಸಂಜೆ ಐದರವರೆಗೆ ಮಲಗಿಸಿದ ಕೂಸಿನ ಬಳಿ ರಾತ್ರಿ ಒಂಬತ್ತಕ್ಕೆ ಕೊಡಲು ನಿದ್ದೆ ಉಳಿದಿರುವುದಿಲ್ಲ. ಹಸುಗೂಸಿನ ನಿದ್ದೆಯ ಒಂದು ಆವರ್ತ ಒಂದು ಗಂಟೆಗಿಂತ ಹೆಚ್ಚಿಲ್ಲ; ಪ್ರತಿಯೊಂದರ ಕೊನೆಗೂ ಅದು ಅರೆ ಎಚ್ಚರಗೊಂಡು, ಪಕ್ಕದಲ್ಲಿ ಯಾರಿದ್ದಾರೆಂದು ತಡಕುತ್ತದೆ. ನಿದ್ದೆಯ ಮೊದಲ ಭಾಗದಲ್ಲಿ ಕಿಟಾರನೆ ಕಿರುಚಿ ಎದ್ದು ಕೂತು, ತಾಯಿಯನ್ನೂ ಗುರುತಿಸದೆ, ಮತ್ತೆ ಮಲಗಿ ಬೆಳಿಗ್ಗೆ ಏನೂ ನೆನಪಿಲ್ಲದೆ ಏಳುವ ಮಕ್ಕಳುಂಟು. ದೆವ್ವ ಮೆಟ್ಟಿತೆಂದು ನಮ್ಮ ಕಡೆ ತಾಯಿತ ಕಟ್ಟಿಸುತ್ತಾರೆ. ತಾಯಿತದಿಂದ ಕೇಡೇನೂ ಇಲ್ಲ. ವಯಸ್ಸಾದಂತೆ ಅದು ತಾನಾಗಿ ಹೋಗುವುದರಿಂದ ತಾಯಿತಕ್ಕೆ ಕೀರ್ತಿಯೂ ಬರುತ್ತದೆ. ಸಿರಪ್ಪಿಗಿಂತ ತಾಯಿತವೇ ಮೇಲೆಂದು ನನ್ನಂಥ ವಿಚಾರವಾದಿಯೂ ಇಲ್ಲಿ ಒಪ್ಪಬೇಕಾಗಿದೆ.

ಆದರೆ ಮಲಗದಿರುವುದು ನಿಜವಾದ ಬೇನೆಯ ಸೊಲ್ಲೂ ಆಗಿರಬಹುದು. ಗೊರಕೆ ಹೊಡೆಯುವ ಕೂಸಿನ ಗಂಟಲಲ್ಲಿ ಗ್ರಂಥಿಗಳು ಊದಿರಬಹುದು. ಕಿವಿನೋವು, ಕಜ್ಜಿ, ಜಂತುಹುಳು ಇರಬಹುದು. ದೇಹದಲ್ಲಿ ಕಬ್ಬಿಣದ ಅಂಶ ಕಡಿಮೆಯಾದ ಮಕ್ಕಳು ರಾತ್ರಿಯಲ್ಲಿ ಕಾಲು ಒದರುತ್ತ ಹೊರಳಾಡುತ್ತಾರೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 65ಕ್ಕಿಂತ ಹೆಚ್ಚು ಮಂದಿಗೆ ರಕ್ತಹೀನತೆ. ಅಂಥ ಕೂಸಿಗೆ ಸೊಪ್ಪು, ಮೊಟ್ಟೆ, ಅಂಗನವಾಡಿಯ ಕಬ್ಬಿಣದ ಹನಿಗಳ ಬದಲು ಮಂಪರಿನ ಚಮಚ ಕೊಟ್ಟರೆ, ಮಾತು ಬಾರದ ಅದು ಇದ್ದ ಒಂದೇ ಭಾಷೆಯಲ್ಲಿ ಹೇಳಿಕೊಂಡ ದೂರನ್ನು ನಾವು ಬಾಯಿ ಮುಚ್ಚಿಸಿದಂತಾಯಿತು.

ಮದ್ದೇ ಬೇಡವೆಂಬ ಹಟವೂ ಸಲ್ಲದು. ಅಪಸ್ಮಾರದ ಕೂಸು, ಆಟಿಸಂ ಇರುವ ಕೂಸು ವಾರಗಟ್ಟಲೆ ಮಲಗದೆ ಬಳಲುವಾಗ, ಬಲ್ಲ ವೈದ್ಯರು ಅಳೆದು ಕೊಡುವ ಔಷಧ ಅದರ ಪಾಲಿಗೆ ದೊಡ್ಡ ಉಪಕಾರ. ಕಜ್ಜಿಯ ತುರಿಕೆಗೆ ಸಿರಪ್ಪು ಕೊಟ್ಟು, ಅದರಿಂದ ಕೂಸು ಮಲಗಿದರೆ ಸಂತೋಷವೇ. ಭೇದವನ್ನು ಕಂಡುಕೊಳ್ಳಲು ನಾನು ಒಂದು ಪ್ರಶ್ನೆಯನ್ನು ಇಟ್ಟುಕೊಂಡಿದ್ದೇನೆ: ಮನೆಯಲ್ಲಿ ಹತ್ತು ಮಂದಿ ಇದ್ದು, ಎಲ್ಲರಿಗೂ ಬಿಡುವಿದ್ದು, ಯಾರೂ ದಣಿದಿಲ್ಲದಿದ್ದರೂ ಈ ಮದ್ದನ್ನು ಕೊಡುತ್ತಿದ್ದೆವೇ? ಹೌದಾದರೆ ಅದು ಕೂಸಿನ ಮದ್ದು. ಅಲ್ಲವಾದರೆ ಅದು ನಮ್ಮ ಮದ್ದು, ಕೂಸಿನ ಬಾಯಿಗೆ ಹಾಕಿದ್ದು.

ಇದಕ್ಕೆ ಒಂದು ಬಲವಾದ ಆಕ್ಷೇಪವಿದೆ. ಹತ್ತು ಮಂದಿ ಇಲ್ಲವಲ್ಲ ಸ್ವಾಮೀ, ಎಂದು ಯಾವ ತಾಯಿಯಾದರೂ ಕೇಳಬಹುದು. ನಿದ್ದೆಗೆಟ್ಟು ಬುದ್ಧಿ ಮಂಕಾದವಳು ಕೂಸನ್ನು ಹೊಡೆಯುವುದಕ್ಕಿಂತ, ಹಿಡಿದು ಕುಲುಕುವುದಕ್ಕಿಂತ ಒಂದು ಚಮಚ ಸಿರಪ್ಪು ಮೇಲಲ್ಲವೆ? ಈ ವಾದವನ್ನು ಹಗುರಾಗಿ ತೆಗೆದುಹಾಕುವವರು ಸತತವಾಗಿ ಮೂರು ರಾತ್ರಿ ಎಚ್ಚರವಿದ್ದು ಆಮೇಲೆ ಮಾತಾಡಬೇಕು. ಜೋಗುಳದ ಮಾಧುರ್ಯವನ್ನು ಕುರಿತು ವೇದಿಕೆಯ ಮೇಲೆ ಉಪನ್ಯಾಸ ಮಾಡುವ ನಮ್ಮಂಥವರು ಮರೆಯುವುದೇನೆಂದರೆ, ಅದನ್ನು ಹಾಡಿದವಳು ಬಹಳ ಸಲ ಅಳು ನುಂಗಿಕೊಂಡು ಹಾಡಿದಳೆಂಬುದು, ಗಂಡಸು ಅಷ್ಟು ಹೊತ್ತೂ ಮಲಗಿದ್ದನೆಂಬುದು. ಒಂದು ಕೆಟ್ಟ ರಾತ್ರಿಯಲ್ಲಿ ವೈದ್ಯರನ್ನು ಕೇಳಿ ಕೊಟ್ಟ ಒಂದು ಚಮಚಕ್ಕೆ ನಾನು ಯಾರನ್ನೂ ಕಟಕಟೆಯಲ್ಲಿ ನಿಲ್ಲಿಸಲಾರೆ. ಆದರೆ ರಾತ್ರಿಗಳು ಒಂದೇ ಅಲ್ಲ. ನಾಳೆಯೂ ನಾಲ್ಕಕ್ಕೆ ಏಳಬೇಕು. ಇವತ್ತಿನ ಅರ್ಧ ಚಮಚ ಮುಂದಿನ ತಿಂಗಳು ಸಾಲದೆ ಹೋಗುತ್ತದೆ. ಕೂಸು ಸುಮ್ಮನಿರುವುದರಿಂದ ಮನೆಯಲ್ಲಿ ಏನೂ ಕೊರತೆಯಿಲ್ಲವೆಂದು ಉಳಿದವರಿಗೆ ತೋರುತ್ತದೆ. ಮದ್ದು ಮುಚ್ಚಿದ್ದು ಕೂಸಿನ ಕಣ್ಣನ್ನಷ್ಟೇ ಅಲ್ಲ.

ಅಫೀಮಿನ ಕತೆ ಹೇಗೆ ಮುಗಿಯಿತೆಂಬುದನ್ನು ಇಲ್ಲಿ ನೆನೆಯಬೇಕು. ತಾಯಂದಿರಿಗೆ ಉಪದೇಶ ಮಾಡಿದ್ದರಿಂದಲೇ ಅದು ಮುಗಿಯಲಿಲ್ಲ. ಇನ್ನೂ ಒಳ್ಳೆಯ ಗುಳಿಗೆ ಕಂಡುಹಿಡಿದುದರಿಂದಂತೂ ಅಲ್ಲ. ಕಾರ್ಮಿಕರ ಸ್ಥಿತಿಗತಿಗಳನ್ನು ವಿಚಾರಿಸಿ 1931ರಲ್ಲಿ ವರದಿ ಕೊಟ್ಟ ರಾಯಲ್ ಆಯೋಗ, ಹೆಂಗಸರು ದುಡಿಯುವಲ್ಲಿ ಕೂಸುಗಳಿಗೆ ತೊಟ್ಟಿಲಮನೆ ಬೇಕೆಂದಿತು. ಐವತ್ತಕ್ಕಿಂತ ಹೆಚ್ಚು ಹೆಂಗಸರು ದುಡಿಯುವ ಕಾರ್ಖಾನೆಯಲ್ಲಿ ಶಿಶುಪಾಲನೆಯ ಕೊಠಡಿ ಇರಲೇಬೇಕೆಂದು 1948ರ ಕಾಯಿದೆ ವಿಧಿಸಿತು. 1976ರಲ್ಲಿ ಆ ಸಂಖ್ಯೆಯನ್ನು ಮೂವತ್ತಕ್ಕೆ ಇಳಿಸಿದರು. ಕಾಯಿದೆ ಎಲ್ಲೆಡೆ ನಡೆಯಿತೆಂದು ಅರ್ಥವಲ್ಲ. ಆದರೆ ರೋಗಿ ಯಾರೆಂಬುದನ್ನು ಅದು ಸರಿಯಾಗಿ ಗುರುತಿಸಿತು: ಚಿಕಿತ್ಸೆ ನಡೆಯಬೇಕಾದ್ದು ಗಿರಣಿಗೆ.

ನಮ್ಮ ರಾಜ್ಯದಲ್ಲಿ 2023ರ ಆಯವ್ಯಯದಲ್ಲಿ, ಉದ್ಯೋಗ ಖಾತರಿಯ ಕೂಲಿಗೆ ಹೋಗುವ ತಾಯಂದಿರ ಕೂಸುಗಳಿಗಾಗಿ 4,000 ಗ್ರಾಮ ಪಂಚಾಯಿತಿಗಳಲ್ಲಿ 'ಕೂಸಿನ ಮನೆ'ಗಳನ್ನು ತೆರೆಯುವುದಾಗಿ ಸರ್ಕಾರ ಹೇಳಿತು. ಸರ್ಕಾರಿ ಯೋಜನೆಗಳಿಗೆ ಇಷ್ಟು ಸೊಗಸಾದ ಕನ್ನಡ ಹೆಸರು ಬರುವುದು ಅಪರೂಪ. ಹಗಲಿನಲ್ಲಿ ಮೂರು ವರ್ಷದೊಳಗಿನ ಕೂಸು ಅಲ್ಲಿ ಆಡಿ, ಉಂಡು, ಹೊತ್ತಿಗೆ ಸರಿಯಾಗಿ ಜೊಂಪು ಹೊಡೆದರೆ ರಾತ್ರಿಯ ನಿದ್ದೆಯೂ ಅರ್ಧ ನೇರ್ಪಾಗುತ್ತದೆ. ಆದರೆ ಕೂಡ್ಲಿಗಿ, ಹರಪನಹಳ್ಳಿಗಳ ಕಡೆಯಿಂದ ಮಳೆ ಕೈಕೊಟ್ಟ ವರ್ಷ ಬೆಂಗಳೂರಿಗೋ ಕಾಫಿ ತೋಟಗಳಿಗೋ ಗುಳೆ ಹೋಗುವ ಸಂಸಾರದ ಕೂಸಿಗೆ ಊರಿನ ಕೂಸಿನ ಮನೆ ಎಟುಕುವುದಿಲ್ಲ. ಅದು ಕಟ್ಟುತ್ತಿರುವ ಮಹಡಿಯ ಎರಡು ಕಂಬಗಳ ನಡುವೆ ಬಿಗಿದ ಸೀರೆಯ ಜೋಲಿಯಲ್ಲಿ, ಸಿಮೆಂಟು ಕಲಸುವ ಯಂತ್ರದ ಸದ್ದಿನಲ್ಲಿ ಮಲಗಬೇಕು.

ಇನ್ನು ಪಟ್ಟಣದಲ್ಲಿ ಎರಡು ಕೋಣೆಯ ಮನೆ ಮಾಡಿ, ಗಂಡ ಹೆಂಡತಿ ಇಬ್ಬರೂ ಕಚೇರಿಗೆ ಹೋಗುವವರ ಸಂಗತಿ. ಇವರಿಗೆ ಯಾವ ಪಂಚಾಯಿತಿಯೂ ಬೇಕಾಗಿಲ್ಲ. ನನ್ನ ಸಹೋದ್ಯೋಗಿಯೊಬ್ಬರ ಮನೆಯಲ್ಲಿ ಅಡುಗೆಮನೆಯ ಕ್ಯಾಲೆಂಡರಿನ ಮೇಲೆ ಒಂದು ರಾತ್ರಿ ಬಿಟ್ಟು ಒಂದು ರಾತ್ರಿಗೆ ಗಂಡನ ಹೆಸರಿನ ಮೊದಲಕ್ಷರವನ್ನು ಕೆಂಪು ಶಾಯಿಯಲ್ಲಿ ಬರೆದಿದ್ದಾರೆ. ಆ ರಾತ್ರಿ ಕೂಸು ಎದ್ದರೆ ಏಳಬೇಕಾದವನು ಅವನು. ಮೊದಲ ತಿಂಗಳು ಅವನಿಗೆ ಜೋಗುಳ ಬಾರದೆ ಮಗ್ಗಿ ಹೇಳಿದನಂತೆ. ಹದಿಮೂರರ ಮಗ್ಗಿಗೆ ಬರುವಷ್ಟರಲ್ಲಿ ಕೂಸು ಮಲಗಿರುತ್ತದೆ ಎಂದು ಅವರು ಹೇಳಿದರು.